ನಂಬರಿಲ್ಲದ ಕನ್ನಡಕ

ಫೆಬ್ರವರಿ 11, ಭಾನುವಾರ

ನಿನ್ನೆ ನಾವು ಗೆದ್ದೆವು. "ನಾವು" ಎಂದು ನಾನು ಹೇಳುವಂತಿಲ್ಲ. ಆದರೆ ಇದು ನನ್ನ ಸ್ವಂತ ಪುಸ್ತಕ, ಇಲ್ಲಿ ಸೀಟಿ ಊದಲು ಯಾವ ಅಂಪೈರೂ ಇಲ್ಲ. ನಮ್ಮ ಹುಡುಗರು, ನಮ್ಮ ಕೆಂಪಂಗಿಗಳು, ಸತತ ನಾಲ್ಕನೆಯ ಪಂದ್ಯ ಗೆದ್ದರು. ಸೀಸನ್ನಿನ ಮೊದಲರ್ಧದಲ್ಲಿ ಇವರ ಆಟ ನೋಡಿದವರು ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೆ ಕಸುಬು ನೋಡಿಕೊಳ್ಳಿ ಎಂದಿದ್ದರು. ಈಗ ಅದೇ ಬಾಯಿಗಳು ಪ್ಲೇಆಫ್ ಲೆಕ್ಕ ಹಾಕುತ್ತಿವೆ.

ಹಗಲು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತೇನೆ. ಪಂದ್ಯವಿರುವ ಸಂಜೆ ಕ್ರೀಡಾಂಗಣದ ಟೇಬಲ್ಲಿನಲ್ಲಿ ಕೂತು ಗಡಿಯಾರ ನಡೆಸುತ್ತೇನೆ. ಹತ್ತೊಂಬತ್ತು ಸೀಸನ್ ಆಯಿತು, ಊರಿಗೆಲ್ಲ ನಾನು ಗಡಿಯಾರಮ್ಮ. ಕೆಲಸ ಹೇಳಿದರೆ ಮಕ್ಕಳೂ ನಗುತ್ತಾರೆ. ಅಂಗಳದ ಹೊರಗಿನಿಂದ ಎಸೆದ ಚೆಂಡು ಒಳಗಿನ ಆಟಗಾರನ ಕೈಗೆ ತಾಗಿದ ಕೂಡಲೇ ಗುಂಡಿ ಒತ್ತಬೇಕು, ಸಮಯ ಓಡುತ್ತದೆ. ಸೀಟಿ ಕೇಳಿದ ಕೂಡಲೇ ಮತ್ತೆ ಒತ್ತಬೇಕು, ನಿಲ್ಲುತ್ತದೆ. ಸಮಯ ಮುಗಿದರೆ ಬುಟ್ಟಿಯ ಹಿಂದಿನ ಹಲಗೆಗೆ ಕೆಂಪು ದೀಪ ಹತ್ತುತ್ತದೆ. ದೀಪಕ್ಕೆ ಮೊದಲು ಕೈಬಿಟ್ಟ ಚೆಂಡು ಲೆಕ್ಕಕ್ಕೆ, ಆಮೇಲಿನದು ಗಾಳಿಗೆ.

ಟೇಬಲ್ಲಿನವರು ಕೂಗಬಾರದು, ಚಪ್ಪಾಳೆ ತಟ್ಟಬಾರದು. ಪಕ್ಕದಲ್ಲಿ ಅಂಕ ಬರೆಯುವ ಲೆಕ್ಕದಜ್ಜ ನನಗೆ ಮೊದಲ ದಿನವೇ ಕಲಿಸಿದ ಪಾಠ ಒಂದೇ: "ಚೆಂಡು ನೋಡಮ್ಮ. ಮನುಷ್ಯರನ್ನ ನೋಡಬೇಡ. ಮನುಷ್ಯರನ್ನ ನೋಡಿದ್ರೆ ಯಾರಾದ್ರೂ ಒಬ್ರು ನಮ್ಮವರು ಅನ್ನಿಸಿಬಿಡ್ತಾರೆ."

ಮನೆಯಲ್ಲಿ ಇವರ ಸಂಭ್ರಮ ಹೇಳತೀರದು. ಇಡೀ ದಿನ ಸಿಟಿ ಬಸ್ ಓಡಿಸಿ ಬಂದವರು ಅಡುಗೆಮನೆಯಲ್ಲಿ ಈರುಳ್ಳಿಯನ್ನು ಕಸದ ಬುಟ್ಟಿಗೆ ಗುರಿಯಿಟ್ಟು ಎಸೆದರು. ಬೀಳಲಿಲ್ಲ. "ಇನ್ನೊಂದ್ ಸೆಕೆಂಡ್ ಕೊಟ್ಟಿದ್ರೆ ಹಾಕ್ತಿದ್ದೆ ಕಣೇ" ಎಂದರು. ಗಡಿಯಾರ ನಡೆಸುವವಳ ಗಂಡ ಆಡುವ ಮಾತೇ ಇದು?

ಮಾರ್ಚ್ 3, ಭಾನುವಾರ

ಲೀಗಿನ ಕೊನೆಯ ಪಂದ್ಯ ನಿನ್ನೆ ಮುಗಿಯಿತು. ನಮಗೂ ಹಸಿರಂಗಿಗಳಿಗೂ. ಗೆದ್ದವರಿಗೆ ಪ್ಲೇಆಫಿನ ಕೊನೆಯ ಜಾಗ, ಸೋತವರಿಗೆ ಮನೆ.

ನಾವು ಗೆದ್ದೆವು.

ಅಷ್ಟೇ ಬರೆದು ಪುಸ್ತಕ ಮುಚ್ಚಿದ್ದೆ. ಚಹಾ ಕುಡಿದು ಬಂದು ಮತ್ತೆ ತೆರೆದಿದ್ದೇನೆ.

ಹಸಿರಂಗಿಗಳು ಒಂದು ಅಂಕ ಮುಂದಿದ್ದರು. ಉಳಿದದ್ದು ಒಂದು ಸೆಕೆಂಡು, ಮೇಲೆ ಚೂರು. ಬದಿಯಿಂದ ಚೆಂಡು ಎಸೆಯುವ ಸರದಿ ನಮ್ಮದು. ಅದು ಬಂದದ್ದು ಮೌನಿಯ ಕೈಗೆ. ಆ ಹುಡುಗ ಆಟದಲ್ಲಿ ಬಾಯಿ ಬಿಡುವವನಲ್ಲ, ಅದಕ್ಕೇ ಆ ಹೆಸರು. ನಿನ್ನೆ ಅವನ ಬಾಯಿ ತೆರೆದಿತ್ತು. ಏನೋ ಹೇಳುತ್ತಿದ್ದ, ಅಥವಾ ಬೇಡುತ್ತಿದ್ದ. ಚೆಂಡು ಹಿಡಿದ, ಒಬ್ಬನಿಗೆ ಭುಜ ತೋರಿಸಿ ಯಾಮಾರಿಸಿದ, ತಿರುಗಿದ, ಎಸೆದ. ಬಿತ್ತು. ಕೆಂಪು ದೀಪ ಆಮೇಲೆ ಹತ್ತಿತು.

ಹಿಡಿಯುವುದು, ಯಾಮಾರಿಸುವುದು, ತಿರುಗುವುದು, ಎಸೆಯುವುದು. ಇಷ್ಟೆಲ್ಲ ಒಂದು ಸೆಕೆಂಡಿನಲ್ಲಿ ಹಿಡಿಸುವುದಿಲ್ಲ. ಒಂದು ಸೆಕೆಂಡು ಎಷ್ಟು ಉದ್ದ ಎಂಬುದು ಈ ಕ್ರೀಡಾಂಗಣದಲ್ಲಿ ನನ್ನ ಹೆಬ್ಬೆರಳಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ಹೆಬ್ಬೆರಳು ಚೂರು ತಡಮಾಡಿತೇನೋ. ಬೆವರಿತ್ತು. ಗುಂಡಿಯೂ ಹಳೆಯದು.

ಹಸಿರು ತಂಡದ ಕೋಚ್ ಓಡಿಬಂದರು. ಮೊದಲು ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು, ಎಲ್ಲರಿಗೂ ಮೇಷ್ಟ್ರು. ಎಷ್ಟೋ ವರ್ಷದಿಂದ ಪಂದ್ಯ ಮುಗಿದ ಮೇಲೆ ಟೇಬಲ್ಲಿಗೆ ಬಂದು ನಮಗೆಲ್ಲ ಕೈಕುಲುಕಿ ಹೋಗುವ ಒಬ್ಬರೇ ಕೋಚ್. ನಿನ್ನೆ ಎರಡೂ ಕೈಯಲ್ಲಿ ಟೇಬಲ್ ಗುದ್ದಿದರು. "ಗಡಿಯಾರ ನಿಂತಿತ್ತು! ಕಣ್ಣಾರೆ ನೋಡ್ದೆ ನಾನು, ನಿಂತಿತ್ತು!" ತಡೆಯಲು ಬಂದ ಅಂಪೈರನ್ನು ನೂಕಿದರು. ನನ್ನನ್ನು ನೋಡಿ, "ಹೇಳಮ್ಮಾ, ನೀವೇ ಹೇಳಿ!" ಎಂದರು.

ನಾನು ಚೆಂಡಿಲ್ಲದ ಅಂಗಳವನ್ನು ನೋಡುತ್ತ ಕೂತೆ.

ಅಂಪೈರುಗಳು ವಿಡಿಯೋ ನೋಡಿದರು. ದೀಪಕ್ಕೆ ಮೊದಲೇ ಚೆಂಡು ಕೈಬಿಟ್ಟಿದೆ, ಬುಟ್ಟಿ ಸರಿ ಎಂದರು. ಚೆಂಡು ಕೈಗೆ ಬಂದ ಗಳಿಗೆ ಯಾವ ಕ್ಯಾಮೆರಾದಲ್ಲೂ ಇಲ್ಲ. ನಮ್ಮ ಏಣಿ, ಅಂದರೆ ಆ ಎತ್ತರದ ಹುಡುಗ, ಬೆನ್ನು ಅಡ್ಡ ಹಾಕಿ ನಿಂತಿದ್ದ. ದೀಪ ಸುಳ್ಳು ಹೇಳಲಿಲ್ಲ. ಅದಕ್ಕೆ ತಡವಾಗಿ ಹೇಳಿದವರು ಬೇರೆ.

ಮಾರ್ಚ್ 5, ಮಂಗಳವಾರ

ಹಸಿರು ತಂಡ ಮೇಷ್ಟ್ರನ್ನು ಕೆಲಸದಿಂದ ತೆಗೆದಿದೆ. ಅಂಪೈರನ್ನು ನೂಕಿದ್ದಕ್ಕೂ, "ಇಲ್ಲದ್ದನ್ನು ಕಂಡೆ ಎಂದು ಗದ್ದಲ ಎಬ್ಬಿಸಿದ್ದಕ್ಕೂ" ಬ್ಯಾಸ್ಕೆಟ್‌ಬಾಲ್ ಸಂಘದ ವಿಚಾರಣೆ ಇದೆಯಂತೆ. ಪೇಪರಿನ ಫೋಟೋದಲ್ಲಿ ಅವರ ಬಾಯಿ ದೊಡ್ಡದಾಗಿ ತೆರೆದಿದೆ. ಹಿಂದೆ ನಾನು, ಮುಖ ಮಸುಕಾಗಿ.

ಇವರು ಆ ಫೋಟೋ ಕತ್ತರಿಸಿ ಬಸ್ಸಿನಲ್ಲಿ ಅಂಟಿಸಿಕೊಂಡಿದ್ದಾರೆ. ನನ್ನ ಹೆಂಡತಿ ಪೇಪರಲ್ಲಿ ಬಂದಿದ್ದಾಳೆ ಎಂದು.

ಮಾರ್ಚ್ 9, ಶನಿವಾರ

ಮೊದಲ ಸುತ್ತಿನ ಮೊದಲ ಪಂದ್ಯ. ನಮ್ಮ ಹುಡುಗರು ಗೆದ್ದರು, ಚೆನ್ನಾಗಿಯೇ ಆಡಿದರು. ನಾನು ಆಡಿದ್ದು ಬೇರೆ. ಎರಡು ಸಲ ಚೆಂಡು ಕೈ ಮುಟ್ಟುವ ಮೊದಲೇ ಗುಂಡಿ ಒತ್ತಿದೆ, ಎರಡು ಸಲವೂ ಚೆಂಡು ನಮ್ಮವರದು. ಅಂಪೈರು ಆಟ ನಿಲ್ಲಿಸಿ ಸಮಯ ಹಿಂದಕ್ಕೆ ಹಾಕಿಸಿ, "ಏನ್ ಗಡಿಯಾರಮ್ಮ, ಬಸ್ ಹಿಡೀಬೇಕಾ?" ಎಂದರು. ಜನ ನಕ್ಕರು. ನಾನೂ ನಕ್ಕೆ.

ವಿರಾಮದಲ್ಲಿ ಲೆಕ್ಕದಜ್ಜ ಪೆನ್ನಿನ ಮುಚ್ಚಳ ಹಾಕುತ್ತ ಮೆಲ್ಲಗೆ ಹೇಳಿದರು. "ಅವತ್ತು ತಡ, ಇವತ್ತು ಬೇಗ. ಎರಡೂ ಸೇರಿ ಸರಿಹೋಯ್ತು ಬಿಡು."

"ಏನಜ್ಜ ಹಂಗಂದ್ರೆ?"

"ಏನಿಲ್ಲ. ನಾನು ಅಂಕ ಬರೆಯೋನು. ಕಂಡಿದ್ದೆಲ್ಲ ಬರೆಯೋನಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಮೇಲೆ ಇಡೀ ಪಂದ್ಯ ನಾನು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಮಾರ್ಚ್ 16, ಶನಿವಾರ

ಮೊದಲ ಸುತ್ತು ಮುಗಿಯಿತು. ಕೆಂಪಂಗಿ ಸೆಮಿಫೈನಲ್ಲಿಗೆ. ಬೀದಿಯಲ್ಲಿ ಕಾರುಗಳು ಹಾರ್ನ್ ಹಾಕಿಕೊಂಡು ಹೋದವು. ತಲೆ ನೋಯುತ್ತಿದೆ.

ಮಾರ್ಚ್ 20, ಬುಧವಾರ

ಅಂಗಡಿಯ ಬಾಗಿಲ ಗಂಟೆ ಸದ್ದು ಮಾಡಿತು. ತಲೆ ಎತ್ತಿದರೆ ಮೇಷ್ಟ್ರು.

ಒಳಗೆ ಓಡಿಹೋಗೋಣ ಅನ್ನಿಸಿತು. ಎಲ್ಲಿಗೆ ಓಡುವುದು, ಹಿಂದೆ ಇರುವುದು ಗಾಜು ಉಜ್ಜುವ ಕೋಣೆ, ಅದಕ್ಕೆ ಬೇರೆ ಬಾಗಿಲಿಲ್ಲ. ಅವರು ಕೌಂಟರಿನ ಮುಂದೆ ನಿಂತು ಟೋಪಿ ತೆಗೆದರು.

"ನಮ್ಮಮ್ಮ ಇದೇ ಊರಲ್ಲಿರೋದು. ಕೆಲಸ ಹೋದ್ಮೇಲೆ ಅಲ್ಲೇ ಇದೀನಿ. ನಿಮ್ಮತ್ರ ಕ್ಷಮೆ ಕೇಳಬೇಕಿತ್ತು. ಅವತ್ತು ಹಂಗೆ ಕೂಗಬಾರದಿತ್ತು. ಇಷ್ಟ್ ವರ್ಷ ಒಂದ್ ಸಲನೂ ತಪ್ಪದ ಕೈ ನಿಮ್ಮದು."

ಬೆಂಕಿಯಲ್ಲಿ ಬಿದ್ದ ಹಾಗಾಯಿತು ಎಂದು ಬರೆದರೆ ಅದು ಬರೀ ಮಾತು. ನಿಜವಾಗಿ ಆದದ್ದು ಇಷ್ಟು. ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸತೊಡಗಿದೆ.

"ಪರವಾಗಿಲ್ಲ ಬಿಡಿ ಮೇಷ್ಟ್ರೇ."

"ನೀವು ಕಣ್ಣು ನೋಡ್ತೀರಿ ಅಂತ ಗೊತ್ತಿರ್ಲಿಲ್ಲ. ನಂದೊಂದ್ ಸಲ ನೋಡ್ತೀರಾ? ಗಡಿಯಾರ ನಿಂತಿದ್ದು ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ವಿಡಿಯೋ ಇಲ್ಲ ಅನ್ನತ್ತೆ, ಅಂಪೈರುಗಳು ಇಲ್ಲ ಅಂತಾರೆ, ನನ್ನ ಹುಡುಗರೇ ನೋಡ್ಲಿಲ್ಲ ಅಂತಾರೆ. ಅಷ್ಟು ಜನ ಇಲ್ಲ ಅಂದ್ಮೇಲೆ ದೋಷ ನಂದೇ ಇರಬೇಕಲ್ವಾ? ಕಣ್ಣಿಂದಾದ್ರೆ ಸರಿ. ತಲೇದಾದ್ರೆ ಏನ್ ಮಾಡೋದು?"

ಅವರು ನಗಲು ನೋಡಿದರು. ಆಗಲಿಲ್ಲ.

ಕುರ್ಚಿಯಲ್ಲಿ ಕೂರಿಸಿದೆ. ಒಂದು ಕಣ್ಣು ಮುಚ್ಚಿಸಿ ಓದಿಸಿದೆ, ಇನ್ನೊಂದು ಮುಚ್ಚಿಸಿ ಓದಿಸಿದೆ. ಕೊನೆಯ ಸಾಲಿನವರೆಗೆ ನೀರು ಕುಡಿದ ಹಾಗೆ ಓದಿದರು. ಅದರ ಕೆಳಗೆ ಮೂಲೆಯಲ್ಲಿ ಮುದ್ರಿಸಿದವರ ಹೆಸರಿದೆ, ಅದನ್ನು ಓದಿದ ಗಿರಾಕಿಯನ್ನು ನಾನು ಇದುವರೆಗೆ ಕಂಡಿರಲಿಲ್ಲ. ಅವರು ಅದನ್ನೂ ಓದಿದರು. ಆ ವಯಸ್ಸಿಗೆ ಅಂಥ ಕಣ್ಣು ಅಪರೂಪ. ದೀಪ ಹಿಡಿದು ಒಳಗೂ ನೋಡಿದೆ. ಕನ್ನಡಿಯಂಥ ಕಣ್ಣು.

"ಎಲ್ಲಾ ಓದಿದ್ನಲ್ಲ?" ಎಂದರು. ಆ ದನಿಯಲ್ಲಿ ಖುಷಿಯಿರಲಿಲ್ಲ, ಭಯವಿತ್ತು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಇದು:

"ನಿಂತಿರೋ ಅಕ್ಷರ ಓದೋದು ಬೇರೆ, ಓಡೋ ಅಂಕಿ ನೋಡೋದು ಬೇರೆ ಮೇಷ್ಟ್ರೇ. ದೂರದ ಹೊಳೆಯೋ ಅಂಕಿ ಕೆಲವರ ಕಣ್ಣಿಗೆ ಒಂದ್ ಕ್ಷಣ ಅಂಟ್ಕೊಂಡ ಹಾಗೆ ಕಾಣತ್ತೆ. ನಿಮಗೆ ಸಣ್ಣ ನಂಬರ್ ಇದೆ."

ಇಷ್ಟು ಸಲೀಸಾದ ಸುಳ್ಳು ನನ್ನ ಹೊಟ್ಟೆಯಲ್ಲಿ ಎಲ್ಲಿತ್ತೋ. ಮೇಷ್ಟ್ರ ಭುಜ ಇಳಿಯಿತು. ಎಷ್ಟೋ ದಿನದಿಂದ ಹೊತ್ತದ್ದನ್ನು ಕೆಳಗಿಟ್ಟವರ ಹಾಗೆ ಉಸಿರು ಬಿಟ್ಟರು. "ಹಾಗಾದ್ರೆ ಕಣ್ಣೇ" ಎಂದರು. "ಬದುಕಿಸಿದ್ರಿ ತಾಯಿ."

ಮೂಗಿನ ಅಳತೆ, ಕಿವಿಯ ಅಳತೆ ತೆಗೆದುಕೊಂಡೆ. ಕಪ್ಪು ಚೌಕಟ್ಟು ಅವರಿಗೆ ಒಪ್ಪುತ್ತದೆ.

ಮಾರ್ಚ್ 22, ಶುಕ್ರವಾರ

ಕನ್ನಡಕ ಕೊಟ್ಟೆ. ಗಾಜಿಗೆ ಯಾವ ನಂಬರೂ ಇಲ್ಲ. ಕಿಟಕಿಗೆ ಹಾಕುವ ಗಾಜಿಗಿಂತ ಚೂರು ನಯ, ಅಷ್ಟೇ.

ಹಾಕಿಕೊಂಡು ಬೀದಿ ನೋಡಿ, "ಅರೆ, ವ್ಯತ್ಯಾಸ ಗೊತ್ತಾಗ್ತಿದೆ" ಎಂದರು.

ಅವರಿಗೆ ಸಮಾಧಾನ ಸಿಕ್ಕಿತಲ್ಲ. ಯಾರಿಗೂ ನಷ್ಟವಿಲ್ಲ. ಹಾಗೆಂದು ಬರೆದು ಈ ಸಾಲನ್ನು ಎರಡು ಸಲ ಓದಿದೆ. ಓದಿದಷ್ಟೂ ನನಗೇ ನಂಬಿಕೆ ಬರಲಿಲ್ಲ.

ಮಾರ್ಚ್ 31, ಭಾನುವಾರ

ಕೆಂಪಂಗಿ ತಂಡ ಫೈನಲ್ ತಲುಪಿತು. ಫೈನಲ್ ಈ ವರ್ಷ ಇದೇ ಕ್ರೀಡಾಂಗಣದಲ್ಲಿ ಎಂದು ಮೊದಲೇ ನಿಗದಿಯಾಗಿದೆ, ಹಾಗಾಗಿ ಊರಿಗೆ ಊರೇ ಹುಚ್ಚೆದ್ದಿದೆ. ಇವರು ಬಸ್ಸಿಗೆ ಕೆಂಪು ರಿಬ್ಬನ್ ಕಟ್ಟಿ ಮೇಲಧಿಕಾರಿಯಿಂದ ಬೈಸಿಕೊಂಡು ಬಂದರು. ಹತ್ತೊಂಬತ್ತು ವರ್ಷದಲ್ಲಿ ತಂಡ ಫೈನಲ್ ಮುಖ ನೋಡಿರಲಿಲ್ಲ.

ನಿನ್ನೆಯ ಪಂದ್ಯದಲ್ಲಿ ಮೌನಿ ಒಬ್ಬನೇ ಅರ್ಧ ಅಂಕ ಹಾಕಿದ. ನನಗೆ ನೆನಪಿರುವುದು ಅದಲ್ಲ. ಎದುರಿನ ಗ್ಯಾಲರಿಯಲ್ಲಿ, ಮೂರನೆಯ ಸಾಲಿನಲ್ಲಿ, ಮೇಷ್ಟ್ರು ಕೂತಿದ್ದರು. ಅಂಕದ ಹಲಗೆ ನೋಡುವುದು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವುದು, ಹಾಕಿಕೊಂಡು ಮತ್ತೆ ನೋಡುವುದು. ಆಟ ಮುಗಿಯುವವರೆಗೆ ಅದೇ ಕೆಲಸ. ಪಕ್ಕದ ಹುಡುಗರು, "ಮೇಷ್ಟ್ರೇ, ಗಡಿಯಾರ ಓಡ್ತಾ ಇದೆಯಾ?" ಎಂದು ಕೂಗಿ ನಕ್ಕರು. ಅವರೂ ತಲೆಯಾಡಿಸಿ ನಕ್ಕರು. ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವಷ್ಟು ಅವರನ್ನು ನಾನು ಪಳಗಿಸಿಬಿಟ್ಟಿದ್ದೇನೆ.

ಪಂದ್ಯ ಮುಗಿದ ಮೇಲೆ ಇಳಿದು ಬಂದು ಟೇಬಲ್ಲಿನ ಎಲ್ಲರಿಗೂ ಕೈಕುಲುಕಿದರು, ಮೊದಲಿನ ಹಾಗೆ. ನನ್ನ ಕೈ ಒದ್ದೆಯಾಗಿತ್ತು.

ಏಪ್ರಿಲ್ 2, ಮಂಗಳವಾರ

ಮೇಷ್ಟ್ರು ಕನ್ನಡಕದ ಮೂಗಿನ ಒತ್ತು ಸರಿಮಾಡಿಸಲು ಬಂದರು. ಶುಕ್ರವಾರ ವಿಚಾರಣೆ. "ಕಣ್ಣಿನ ದೋಷದಿಂದ ತಪ್ಪಾಗಿ ಕಂಡೆ ಅಂತ ಹೇಳಿ ಕ್ಷಮೆ ಕೇಳಿ ಮುಗಿಸ್ತೀನಿ. ನೀವು ಪರೀಕ್ಷೆ ಮಾಡಿದ್ರಿ ಅಂತ ಹೇಳ್ಬಹುದಾ?"

"ಹೇಳಿ" ಎಂದೆ.

"ಇನ್ನು ಮುಂದೆ ಯಾವ ತಂಡನೂ ಕರೆಯಲ್ಲ ನನ್ನ. ಕಣ್ಣು ಸರಿಯಿಲ್ಲದ ಕೋಚ್ ಯಾರಿಗೆ ಬೇಕು? ಪರವಾಗಿಲ್ಲ, ಎಲ್ಲಾದ್ರೂ ಮಕ್ಕಳಿಗೆ ಪಾಠ ಹೇಳ್ಕೊಂಡಿರ್ತೀನಿ."

ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಸಮಾಧಾನ ಕೊಟ್ಟೆ ಎಂದುಕೊಂಡಿದ್ದೆ. ನಾನು ಕಿತ್ತುಕೊಂಡದ್ದು ಅವರ ಅನ್ನ.

ಸಂಜೆ ಲೆಕ್ಕದಜ್ಜನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವರು ಅರ್ಧ ಕೇಳಿಯೇ ಕೈ ಅಡ್ಡ ಮಾಡಿದರು. "ಸುಮ್ನಿರು ತಾಯಿ. ಫೈನಲ್ ಮುಗೀಲಿ. ಈಗ ಬಾಯಿ ಬಿಟ್ರೆ ಆ ಹುಡುಗರ ಗತಿಯೇನು? ಊರು ನಿನ್ನ ಸುಮ್ನೆ ಬಿಡತ್ತಾ? ಆಮೇಲೆ ನೋಡೋಣ."

"ವಿಚಾರಣೆ ಶುಕ್ರವಾರ ಅಜ್ಜ. ಫೈನಲ್ ಅದರ ಮುಂದಿನ ವಾರ."

"ಅದಕ್ಕೇನ್ ಮಾಡಕ್ಕಾಗತ್ತೆ? ನನಗೂ ಕಂಡಿತ್ತು. ನಾನು ನಿದ್ದೆ ಮಾಡ್ತಿಲ್ವಾ?"

ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿದೆ. ಅಜ್ಜ ನಿದ್ದೆ ಮಾಡುತ್ತಿಲ್ಲ.

ಏಪ್ರಿಲ್ 3, ಬುಧವಾರ

ಆಗುವುದಿಲ್ಲ. ನನ್ನಿಂದ ಆಗುವುದಿಲ್ಲ.

ಏಪ್ರಿಲ್ 4, ಗುರುವಾರ

ಮಧ್ಯಾಹ್ನ ಅಂಗಡಿಗೆ ರಜೆ ಹೇಳಿ ಮೇಷ್ಟ್ರ ತಾಯಿಯ ಮನೆಗೆ ಹೋದೆ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲ ತುಂಬ ಹೊಲಿಗೆ ಯಂತ್ರದ ಸದ್ದು. ಬಾಗಿಲು ತೆರೆದ ತಾಯಿ ನನ್ನನ್ನು ಹತ್ತಿರಕ್ಕೆ ಬಗ್ಗಿ ನೋಡಿ, "ಓ, ಕನ್ನಡಕದವಳಾ? ಬಾಮ್ಮ" ಎಂದು ಒಳಗೆ ಕರೆದರು. ಮೇಷ್ಟ್ರು ಮೇಜಿನ ಮುಂದೆ ಕೂತು ಕ್ಷಮಾಪಣೆ ಬರೆಯುತ್ತಿದ್ದರು, ನನ್ನ ಕನ್ನಡಕ ಹಾಕಿಕೊಂಡು.

ಕೂರಲಿಲ್ಲ. ಕೂತರೆ ಮಾತು ಒಳಗೇ ಉಳಿಯುತ್ತದೆ ಎಂದು ಗೊತ್ತಿತ್ತು.

"ಮೇಷ್ಟ್ರೇ, ನಿಮ್ಮ ಕಣ್ಣಲ್ಲಿ ಏನೂ ದೋಷ ಇಲ್ಲ. ನೀವು ನೋಡಿದ್ದು ಸರಿ. ಗಡಿಯಾರ ನಿಂತಿತ್ತು. ನಾನು ತಡಮಾಡಿದೆ."

ಮೇಷ್ಟ್ರು ಪೆನ್ನು ಇಟ್ಟರು. ಕನ್ನಡಕ ತೆಗೆದು ಕಿಟಕಿಯ ಹತ್ತಿರ ಹೋದರು. ದೂರದ ತಿರುವಿನಲ್ಲಿ ಬಸ್ಸೊಂದು ನಿಂತಿತ್ತು. "ಏಳು. ಆಸ್ಪತ್ರೆ ಮಾರ್ಗ" ಎಂದು ಅದರ ಬೋರ್ಡು ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. "ಏಳು. ಆಸ್ಪತ್ರೆ ಮಾರ್ಗ."

"ನಾನ್ ಹೇಳ್ಲಿಲ್ವೇನೋ?" ಎಂದರು ತಾಯಿ. "ಚಿಕ್ಕಂದಿನಿಂದ ಹದ್ದಿನ ಕಣ್ಣು ನಿಂದು."

"ನೀನ್ ಸುಮ್ನಿರಮ್ಮ." ಮೇಷ್ಟ್ರು ನನ್ನ ಕಡೆ ತಿರುಗಿದರು. "ಬೇಕಂತ ಮಾಡಿದ್ರಾ?"

ಇದಕ್ಕೆ ಉತ್ತರವನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ, ಕೈ ಬೆವರಿತ್ತು, ಗುಂಡಿ ಹಳೆಯದು. ಹೇಳಲಾಗಲಿಲ್ಲ. "ಗೊತ್ತಿಲ್ಲ. ಚೆಂಡು ನೋಡಬೇಕಿತ್ತು, ಆ ಹುಡುಗನ ಮುಖ ನೋಡಿದೆ. ಗೆಲ್ಲಲಿ ಅಂತ ಮನಸ್ಸಲ್ಲಿತ್ತು. ಬೆರಳಿಗೂ ಅದು ತಿಳಿದಿತ್ತೋ ಏನೋ."

ಅವರು ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕನ್ನಡಕವನ್ನು ಮಡಿಸಿ ಮೇಜಿನ ಮೇಲಿಟ್ಟು ತುಂಬ ಮೆಲ್ಲಗೆ ಮಾತಾಡಿದರು.

"ಗಡಿಯಾರದ್ದು ಕೈತಪ್ಪು ಅಂತ ಇಟ್ಕೊಳ್ಳೋಣ. ನಂಗೂ ಎಷ್ಟೋ ಸಲ ಆಗಿದೆ. ಕನ್ನಡಕ? ಇದನ್ನ ನೀವು ಅಳತೆ ತಗೊಂಡು ಮಾಡಿದ್ರಿ."

ನಾನು ಆ ಕಪ್ಪು ಚೌಕಟ್ಟನ್ನು ನೋಡಿದೆ.

"ನಾನು ಹುಚ್ಚನಾಗ್ತಿದೀನಿ ಅಂತ ಭಯಪಟ್ಟು ನಿಮ್ಮತ್ರ ಬಂದಿದ್ದೆ" ಎಂದರು. "ಹೋಗಿ ಈಗ."

ಅಲ್ಲಿಂದ ನೇರವಾಗಿ ಸಂಘದ ಕಚೇರಿಗೆ ಹೋಗಿ ಕಾರ್ಯದರ್ಶಿಯ ಮುಂದೆ ನಿಂತು ಅದೇ ಮಾತನ್ನು ಮತ್ತೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಏಪ್ರಿಲ್ 6, ಶನಿವಾರ

ತೀರ್ಮಾನ ಬಂತು. ತಕರಾರಿನ ಅವಧಿ ಮುಗಿದಿರುವುದರಿಂದ ಆ ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ, ಕೆಂಪಂಗಿ ಫೈನಲ್ ಆಡುತ್ತದೆ. ಅಂಪೈರನ್ನು ನೂಕಿದ್ದಕ್ಕೆ ಮೇಷ್ಟ್ರಿಗೆ ಸಣ್ಣ ಶಿಕ್ಷೆ, ಉಳಿದ ಆರೋಪ ರದ್ದು. ನನ್ನನ್ನು ಟೇಬಲ್ಲಿನಿಂದ ತೆಗೆದಿದ್ದಾರೆ. ಹಳೆಯ ಗುಂಡಿಯನ್ನೂ ಬದಲಾಯಿಸುತ್ತಾರಂತೆ, ಪಾಪ, ಅದರ ತಪ್ಪೇನಿತ್ತು.

ಅಂಗಡಿಯ ಗಾಜಿಗೆ ಯಾರೋ ಕೆಂಪು ಬಣ್ಣ ಎರಚಿದ್ದರು. ಅಂಗಡಿ ಯಜಮಾನರು ಬಕೆಟ್ ತಂದುಕೊಟ್ಟರು. ಉಜ್ಜಿ ತೊಳೆದೆ.

ಇವರಿಗೆ ಪೇಪರಿನಿಂದ ಗೊತ್ತಾಗುವ ಮೊದಲೇ ನಾನೇ ಹೇಳಿದ್ದೆ. ಏನೂ ಅನ್ನಲಿಲ್ಲ. ಊಟ ಮಾಡಿ ತಟ್ಟೆಯನ್ನು ತಾವೇ ತೊಳೆದಿಟ್ಟರು. ಮದುವೆಯಾದ ಮೇಲೆ ಇದೇ ಮೊದಲು. ಆ ತಟ್ಟೆ ನೋಡಿ ನನಗೆ ಅಳು ಬಂತು.

ಏಪ್ರಿಲ್ 9, ಮಂಗಳವಾರ

ಮಾತಿಲ್ಲ. ಮೂರೂ ಹೊತ್ತು ತಟ್ಟೆ ತೊಳೆಯುತ್ತಿದ್ದಾರೆ.

ಏಪ್ರಿಲ್ 14, ಭಾನುವಾರ

ನಿನ್ನೆ ಫೈನಲ್. ಇವರು ಕೆಂಪು ಅಂಗಿ ಹಾಕಿಕೊಂಡು ಹೋದರು. ನಾನು ಟೀವಿ ಹಾಕಲಿಲ್ಲ. ಪಕ್ಕದ ಮನೆಯ ಗದ್ದಲ ಗೋಡೆ ದಾಟಿ ಬರುತ್ತಿತ್ತು. ಬಟ್ಟೆಗಳನ್ನು ಇಸ್ತ್ರಿ ಮಾಡಿದೆ. ಇಸ್ತ್ರಿ ಮಾಡಿದ ಬಟ್ಟೆಗಳನ್ನು ಮತ್ತೆ ಇಸ್ತ್ರಿ ಮಾಡಿದೆ. ಗೆದ್ದರೆ ಕದ್ದ ಗೆಲುವು ಎನ್ನುತ್ತಾರೆ, ಸೋತರೆ ಗಡಿಯಾರಮ್ಮ ಸೋಲಿಸಿದಳು ಎನ್ನುತ್ತಾರೆ. ಆ ಹುಡುಗರಿಗೆ ಎರಡೂ ದಾರಿ ಮುಚ್ಚಿದವಳು ನಾನು. ಮೌನಿಯ ತೆರೆದ ಬಾಯಿ ಕಣ್ಣ ಮುಂದೆ ಬಂತು. ಅವನ ಹತ್ತಿರ ಕ್ಷಮೆ ಕೇಳುವುದು ಇನ್ನೂ ಬಾಕಿಯಿದೆ.

ನಡುವೆ ಪಕ್ಕದ ಮನೆ ತಣ್ಣಗಾಯಿತು.

ಇವರು ಬಂದರು. ಕುರ್ಚಿಯಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಹನ್ನೊಂದು ಪಾಯಿಂಟಲ್ಲಿ ಸೋತ್ರು" ಎಂದರು.

ನಾನು ನೀರಿನ ಲೋಟ ತಂದಿಟ್ಟೆ.

"ಹನ್ನೊಂದು ಕಣೇ. ನೀನು ಗಡಿಯಾರ ನಿಲ್ಸಿ ಮನೆಗೆ ಬಂದು ಮಲಗಿದ್ರೂ ಗೆಲ್ತಿರ್ಲಿಲ್ಲ."

ಮೊದಲು ಅವರು ನಕ್ಕರು, ಆಮೇಲೆ ನಾನು. ಆಮೇಲೆ ನಾನು ಅತ್ತೆ, ಅವರು ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು. "ಮೇಷ್ಟ್ರನ್ನ ಅವತ್ತು ನಾನೂ ಗ್ಯಾಲರಿಯಿಂದ ಕುರುಡಾ ಅಂತ ಕೂಗಿದ್ದೆ" ಎಂದರು. ಅದು ನನಗೆ ಗೊತ್ತಿರಲಿಲ್ಲ. ಊಟವಾದ ಮೇಲೆ ತಟ್ಟೆಯನ್ನು ಎಂದಿನಂತೆ ಅಲ್ಲೇ ಬಿಟ್ಟು ಎದ್ದರು. ಖುಷಿಯಿಂದ ತೊಳೆದೆ.

ಏಪ್ರಿಲ್ 16, ಮಂಗಳವಾರ

ಅಂಗಡಿಗೆ ಮೇಷ್ಟ್ರ ತಾಯಿ ಬಂದರು. ಒಬ್ಬರೇ, ಗೋಡೆ ಹಿಡಿದುಕೊಂಡು. ಕಪ್ಪು ಕನ್ನಡಕದ ಡಬ್ಬಿಯನ್ನು ಕೌಂಟರಿನ ಮೇಲಿಟ್ಟರು.

"ಇದನ್ನ ವಾಪಸ್ ಕೊಟ್ಬಾ ಅಂದ. ಅವನು ಬರಲ್ವಂತೆ."

"ಹೇಗಿದ್ದಾರಮ್ಮ?"

"ಯಾವುದೋ ತಂಡದವರು ಕರೆದಿದ್ದಾರೆ, ಮಾತಾಡ್ಕೊಂಡು ಬರಕ್ಕೆ ಹೋಗಿದಾನೆ. ನಿನ್ ಮೇಲೆ ಸಿಟ್ಟಿದೆ. ಇರ್ಲಿ, ಇರಬೇಕಾದ್ದೇ." ಅವರು ಕೈಯಿಂದ ಹುಡುಕಿ ಪರೀಕ್ಷೆಯ ಕುರ್ಚಿಯಲ್ಲಿ ಕೂತರು. "ಬಂದದ್ದು ಬಂದೆ, ನನ್ ಕಣ್ಣೂ ನೋಡಿಬಿಡು. ಒಂದ್ ಒಳ್ಳೇ ಕನ್ನಡಕ ಕೊಡು, ಸಾಕು. ಆಪರೇಷನ್ ಗೀಪರೇಷನ್ ಅನ್ನಬೇಡ, ನಂಗೆ ಚಾಕು ಕಂಡ್ರೆ ಜೀವ ಹೋಗತ್ತೆ."

ದೀಪ ಹಿಡಿದು ನೋಡಿದೆ. ಬಲಗಣ್ಣು ಪೂರ್ತಿ ಪೊರೆ, ಎಡಗಣ್ಣು ಅದರ ಹಾದಿಯಲ್ಲಿದೆ. ದೊಡ್ಡ ಅಕ್ಷರವನ್ನು ಊಹೆಯಿಂದ ಓದಿದರು, ತಪ್ಪು ಓದಿದರು. ಆಮೇಲೆ ನನ್ನ ಮುಖದ ಕಡೆಗೆ, ಚೂರು ಪಕ್ಕಕ್ಕೆ, ನೋಡುತ್ತ ಕೂತರು. ಅವರ ಮಗ ಅವತ್ತು ಅದೇ ಕುರ್ಚಿಯಲ್ಲಿ ಕೂತು ಹೀಗೆಯೇ ಕಾದಿದ್ದರು.

ಒಂದು ಕನ್ನಡಕ ಕೊಟ್ಟು ಕಳಿಸುವುದು ಬಲು ಸುಲಭವಿತ್ತು.

"ಕನ್ನಡಕದಿಂದ ಆಗಲ್ಲಮ್ಮ" ಎಂದೆ. "ಪೊರೆ ಬಂದಿದೆ. ಆಪರೇಷನ್ನೇ ಆಗಬೇಕು. ತಡಮಾಡಿದ್ರೆ ಇನ್ನೊಂದು ಕಣ್ಣೂ ಹೀಗೇ ಆಗತ್ತೆ."

ಅವರ ಮುಖ ಗಂಟಿಕ್ಕಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಎದ್ದರು.

"ಅವನೂ ಒಂದ್ ವರ್ಷದಿಂದ ಇದೇ ಹೇಳ್ತಿದಾನೆ. ನಂಬಿರ್ಲಿಲ್ಲ. ಇವತ್ತು ಹೊರಡುವಾಗ ಏನಂದ ಗೊತ್ತಾ? ಕನ್ನಡಕದವಳ ಹತ್ರ ತೋರಿಸ್ಕೊ ಅಮ್ಮ, ಒಂದ್ ಸಲ ಸುಳ್ಳು ಹೇಳಿ ಕೈ ಸುಟ್ಕೊಂಡಿದಾಳೆ, ಇನ್ ಹೇಳಲ್ಲ ಅಂದ."

ಬಾಗಿಲವರೆಗೆ ಕೈ ಹಿಡಿದು ಬಿಟ್ಟುಬಂದೆ. ರಸ್ತೆ ದಾಟಿಸಲೂ ಹೋದೆ, ಬೇಡ ಎಂದರೂ.

ವಾಪಸ್ ಬಂದು ಡಬ್ಬಿ ತೆರೆದೆ. ಕನ್ನಡಕವನ್ನು ಒರೆಸಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತೆ. ಎದುರಿನ ಬ್ಯಾಂಕಿನ ಬೋರ್ಡು, ಬಸ್ ನಿಲ್ದಾಣ, ನಮ್ಮದೇ ಗಾಜಿನ ಮೂಲೆಯಲ್ಲಿ ತೊಳೆದರೂ ಹೋಗದ ಕೆಂಪು ಕಲೆ, ರಸ್ತೆಯ ಆಚೆ ಗೋಡೆ ಹಿಡಿದು ನಡೆಯುತ್ತಿದ್ದ ಆ ತಾಯಿ. ಎಲ್ಲ ಇದ್ದ ಹಾಗೆಯೇ ಕಂಡಿತು.